ಆರ್ವಿಲ್ ಮಾತು ತಿದ್ದುತ್ತಿದ್ದವಳು

ಬರ್ನಡೀನ್ ವೊಯ್ತಾಸಿಕ್ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯ ದಕ್ಷಿಣ ಭಾಗದವಳು. ಅಪ್ಪ ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ದುಡಿದವನು. ಎಷ್ಟು ಸೋಪು ಹಚ್ಚಿದರೂ ಸಾಯುವ ತನಕ ಅವನ ಮೈಯಿಂದ ಆ ವಾಸನೆ ಹೋಗಲಿಲ್ಲ. ಹೈಸ್ಕೂಲು ಮುಗಿದ ವರ್ಷವೇ ಅವಳು ಊರಿನ ಒಂದು ವಿಮಾ ಕಂಪನಿಯಲ್ಲಿ ಕಂಪ್ಯೂಟರಿಗೆ ಉಣಿಸುವ ಕಾರ್ಡಿಗೆ ತೂತು ಹೊಡೆಯುವ ಕೆಲಸಕ್ಕೆ ಸೇರಿದಳು. ಅಲ್ಲಿಂದ ಟೇಪು ಏರಿಸುವವಳಾದಳು, ಯಂತ್ರ ನಡೆಸುವವಳಾದಳು. ಕೊನೆಗೆ ಮೇನ್‌ಫ್ರೇಮ್ ಎಂಬ ಆ ದೊಡ್ಡ ಕಂಪ್ಯೂಟರ್ ಯಂತ್ರದ ಹೊಟ್ಟೆಯೊಳಗೆ ಏನು ಎಲ್ಲಿರಬೇಕು, ಯಾವುದು ಮೊದಲು ಏಳಬೇಕು, ಯಾವುದು ಆಮೇಲೆ ಮಲಗಬೇಕು ಎಂದು ನೋಡಿಕೊಳ್ಳುವವಳಾದಳು. ಮೇನ್‌ಫ್ರೇಮ್ ಒಂದು ದಿನ ನಿಂತರೆ ವಿಸ್ಕಾನ್ಸಿನ್‌ನ ಯಾವ ವಿಧವೆಗೂ ಆ ದಿನ ವಿಮೆಯ ಚೆಕ್ಕು ಹೊರಡುತ್ತಿರಲಿಲ್ಲ. ಅಷ್ಟು ಭಾರ ಹೊತ್ತವಳ ಹೆಸರು ಮೇಲಿನ ಮಹಡಿಯವರಿಗೆ ನೆಟ್ಟಗೆ ಬರುತ್ತಿರಲಿಲ್ಲ. ಅದಕ್ಕೆ ಅವಳೇನೂ ಕೊರಗಲಿಲ್ಲ. ಶುಕ್ರವಾರ ಸಂಜೆ ಮೂಲೆಯ ಬಾರಿನಲ್ಲಿ ಕರಿದ ಮೀನು, ರೈ ಬ್ರೆಡ್ಡು, ಒಂದು ಗ್ಲಾಸು ಬಿಯರು ಸಿಕ್ಕಿದರೆ ಅವಳ ವಾರ ಚೆನ್ನಾಗಿ ಮುಗಿಯಿತು.

ಈ ಕಸುಬಿನವರು ಊರಿಗೊಬ್ಬರೋ ಇಬ್ಬರೋ. ಪಕ್ಕದ ಮೇಜಿನವನಿಗೆ ಇವರ ಮಾತು ಅರ್ಥವಾಗುವುದಿಲ್ಲ. ಮನೆಯವರಿಗಂತೂ ಕೇಳುವುದೇ ಬೇಡ. ಹಾಗಾಗಿ ಇವರು ಒಬ್ಬರಿಗೊಬ್ಬರು ಫೋನು ಮಾಡಿಕೊಂಡೇ ಕೆಲಸ ಕಲಿತವರು. ಬರ್ನಡೀನಳಿಗೆ ಕಲಿಸಿದವನು ಕ್ಯಾನ್ಸಸ್‌ನ ಟೊಪೀಕಾದಲ್ಲಿದ್ದ ಆರ್ವಿಲ್ ಟೆಶ್. ರೈಲ್ವೆ ಕಂಪನಿಯೊಂದರ ಯಂತ್ರ ನೋಡಿಕೊಳ್ಳುತ್ತಿದ್ದವನು, ಅವಳಿಗಿಂತ ಹದಿನೈದು ವರ್ಷ ದೊಡ್ಡವನು. ಅವರ ಪರಿಚಯವಾದದ್ದು ಒಂದು ಜಿಂಕೆ ಬೇಟೆಯ ವಾರದಲ್ಲಿ. ಅವಳ ಮೇಲಧಿಕಾರಿ ಬಂದೂಕು ಹೆಗಲಿಗೇರಿಸಿ ಕಾಡು ಸೇರಿದ್ದ. ಅದೇ ಹೊತ್ತಿಗೆ ಯಂತ್ರ ಸ್ತಬ್ಧವಾಯಿತು. ಮೇಲಧಿಕಾರಿಯ ಮೇಜಿನ ಮೇಲಿದ್ದ, ಆರ್ವಿಲ್ ನಂಬರು ಬರೆದ ಕಾರ್ಡು ನೋಡಿ ಅವಳು ಟೊಪೀಕಾಕ್ಕೆ ಫೋನು ಮಾಡಿದಳು.

"ಈಗಾಗ್ಲೇ ಏನ್ ಮಾಡಿದೀಯ?" ಅಂದಿತು ಆ ಕಡೆಯ ದನಿ.

"ಏನೂ ಮಾಡಿಲ್ಲ ಸಾರ್."

"ಸುಳ್ಳು. ನಂಗೆ ಫೋನ್ ಮಾಡೋಕ್ ಮುಂಚೆ ಎಲ್ರೂ ಏನಾದ್ರೂ ಒಂದು ಮಾಡೇ ಇರ್ತಾರೆ. ನಾಚ್ಕೋಬೇಡ, ಹೇಳು."

ಅವಳು ಹೇಳಿದಳು. ಆರ್ವಿಲ್ ನಕ್ಕ. ಬಯ್ಯದೆ, ಒಂದೊಂದೇ ಆಜ್ಞೆ ಹೇಳಿ, ಪರದೆಯ ಮೇಲೆ ಬಂದದ್ದನ್ನು ಅವಳಿಂದಲೇ ಓದಿಸಿ, ಯಂತ್ರವನ್ನು ಎಬ್ಬಿಸಿದ. ಅಂದಿನಿಂದ ಅವಳು ಅವನ "ಹುಡುಗಿ"; ಐವತ್ತು ದಾಟಿದ ಮೇಲೂ ಹುಡುಗಿಯೇ.

ಮುಂದೆ ಫೋನಿನ ಜಾಗಕ್ಕೆ ಇ-ಮೇಲ್ ಬಳಗ ಬಂತು. ಒಬ್ಬ ತನ್ನ ಕಷ್ಟ ಬರೆದರೆ ಅದು ದೇಶದಲ್ಲಿರುವ ಇಂಥ ಎಲ್ಲರಿಗೂ ತಲುಪುತ್ತಿತ್ತು. ಗೊತ್ತಿದ್ದವರು ಉತ್ತರ ಕೊಡುತ್ತಿದ್ದರು. ಆರ್ವಿಲ್ ನಿವೃತ್ತನಾದ ಮೇಲಂತೂ ಬೆಳಗಿನ ಕಾಫಿ ಹಿಡಿದು ನೆಲಮಾಳಿಗೆಗೆ ಇಳಿದರೆ ಊಟದ ತನಕ ಅದೇ ಕೆಲಸ. ಹ್ಯೂಸ್ಟನ್ನಿನ ಗ್ರೇಡಿ ಎಂಬ ಬಾಯಿಬಡುಕ ಅವನನ್ನು "ಪೋಪ್" ಎಂದೇ ಕರೆಯುತ್ತಿದ್ದ. "ಪೋಪ್ ಹೇಳಿ ಆಯ್ತಲ್ಲ, ಇನ್ನು ಬಾಯಿ ಮುಚ್ಕೊಂಡು ಮಾಡಿ" ಎಂದು ಅವನು ಬರೆದರೆ ಅಲ್ಲಿಗೆ ಚರ್ಚೆ ಮುಗಿಯಿತು.

ಆರ್ವಿಲ್ ಉತ್ತರಗಳಲ್ಲಿ ಏನೋ ತಪ್ಪುತ್ತಿದೆ ಎಂದು ಬರ್ನಡೀನಳಿಗೆ ಗೊತ್ತಾದದ್ದು ಒಂದು ಬೇಸಿಗೆಯಲ್ಲಿ. ಯಾರೋ ಕೇಳಿದ್ದಕ್ಕೆ ಅವನು, ಎಂದೋ ಕೈಬಿಟ್ಟುಹೋದ ಆಜ್ಞೆಯೊಂದನ್ನು ಬರೆದಿದ್ದ. ವಯಸ್ಸಾಯಿತು, ಹಳೆಯದು ನಾಲಿಗೆಗೆ ಬಂದಿದೆ ಅಂದುಕೊಂಡು ಅವಳು ಕೆಳಗೆ ಒಂದು ಸಾಲು ಸೇರಿಸಿದಳು: "ಆರ್ವಿಲ್ ಹೇಳುತ್ತಿರುವುದು ಹಳೆಯ ಆವೃತ್ತಿಗೆ. ಈಗಿನದಕ್ಕೆ ಹೀಗೆ ಮಾಡಿ." ಕೆಲವು ದಿನದ ಮೇಲೆ ಒಂದೇ ಪ್ರಶ್ನೆಗೆ ಒಂದೇ ಬೆಳಗಿನಲ್ಲಿ ಅವನು ಎರಡು ಉತ್ತರ ಕೊಟ್ಟ, ಒಂದಕ್ಕೊಂದು ತಾಳೆಯಿರಲಿಲ್ಲ. ಅವಳು ಮತ್ತೆ ಬರೆದಳು: "ಆರ್ವಿಲ್‌ರ ಎರಡನೆಯದು ಸರಿ. ಮೊದಲನೆಯದು ಬೇರೆ ಸಂದರ್ಭಕ್ಕೆ."

ಬೇರೆ ಸಂದರ್ಭ ಯಾವುದೂ ಇರಲಿಲ್ಲ.

ಒಂದು ದಿನ ಅವಳೇ ಫೋನು ಮಾಡಿ ಡಿಸ್ಕೊಂದರ ತೊಂದರೆ ಹೇಳಿಕೊಂಡಾಗ ಆರ್ವಿಲ್, "ಆ ಡಿಸ್ಕು ತೆಗೆದು ಆಚೆ ಇಡು, ಅಷ್ಟೇ" ಅಂದ.

"ಆರ್ವಿಲ್, ಯಂತ್ರ ನಡೀತಿರೋದೇ ಅದರ ಮೇಲೆ. ಕೂತ ಕೊಂಬೇನೇ ಕಡಿ ಅಂತೀರಲ್ಲ!"

"ಅಂದ್ನಾ?" ಅವನು ನಕ್ಕ. ಅವಳೂ ನಕ್ಕಳು.  "ಮ್ಯಾಕ್ಸೀನ್ ಊಟಕ್ಕೆ ಕರೀತಿದಾಳೆ" ಎಂದು ಹೆಂಡತಿಯ ಹೆಸರು ಹೇಳಿ ಅವನು ಫೋನು ಇಟ್ಟ. ಆಗ ಟೊಪೀಕಾದಲ್ಲಿ ಊಟದ ಹೊತ್ತಾಗಿರಲಿಲ್ಲ.

ಅಂದಿನಿಂದ ಅವಳಿಗೆ ದಿನವೂ ಇದೇ ಕೆಲಸವಾಯಿತು. ಕಚೇರಿಗೆ ಬಂದು ಕೋಟು ತೆಗೆಯುವ ಮೊದಲೇ ಬಳಗದಲ್ಲಿ ಆರ್ವಿಲ್ ಏನು ಬರೆದಿದ್ದಾನೆ ಎಂದು ನೋಡುವಳು. ಮಗುವಿಗೆ ಉಣಿಸುವ ತಾಯಿ ತುತ್ತು ಬಿಸಿಯಿದೆಯೇ ಎಂದು ತುಟಿಗೆ ತಾಗಿಸಿ ನೋಡುವ ಹಾಗೆ ಒಂದೊಂದನ್ನೂ ನೋಡುವಳು. ಸರಿಯಿದ್ದರೆ ಸುಮ್ಮನಾಗುವಳು, ತಪ್ಪಿದ್ದರೆ, ಅವನಿಗೆ ನೋವಾಗದ ಹಾಗೆ, ಬೇರೆಯವರಿಗೆ ಸಂಶಯ ಬರದ ಹಾಗೆ ತಿದ್ದುವಳು. ಯಾರಿಗೂ ಹೇಳಲಿಲ್ಲ. ಯಾರಿಗೆ, ಏನೆಂದು ಹೇಳುವುದು? ಹೇಳಿದರೆ ಅವನಿಗೆ ಆ ನೆಲಮಾಳಿಗೆಯ ಬೆಳಗೂ ಇಲ್ಲವಾಗುತ್ತದೆ. ನಾನಿದ್ದೇನಲ್ಲ, ನೋಡಿಕೊಳ್ಳುತ್ತೇನೆ ಅಂದುಕೊಂಡಳು.

ಚಳಿಗಾಲ ಕಾಲಿಟ್ಟಿತ್ತು. ಆರ್ಕನ್ಸಾದ ಒಂದು ಸಣ್ಣ ಜಿಲ್ಲಾ ಆಸ್ಪತ್ರೆಯಿಂದ ಡ್ವೇನ್ ಹಾಕೆಟ್ ಎಂಬಾತ ಬಳಗಕ್ಕೆ ಬರೆದ. ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಹಿರಿಯ ಕೆಲಸ ಬಿಟ್ಟಿದ್ದ. ಅದುವರೆಗೆ ನರ್ಸುಗಳ ಮೇಜಿನ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದ ಡ್ವೇನ್ ತಲೆಗೆ ಈ ದೊಡ್ಡ ಯಂತ್ರವನ್ನೂ ಕಟ್ಟಿದ್ದರು. ಸ್ಪೂಲ್ ತುಂಬಿಹೋಗಿದೆ, ಯಂತ್ರ ಹೊಸ ಕೆಲಸ ತಗೊಳ್ಳುತ್ತಿಲ್ಲ, ಏನು ಮಾಡಲಿ ಎಂದು ಅವನ ಪ್ರಶ್ನೆ.

ಸ್ಪೂಲ್ ಅಂದರೆ ಯಂತ್ರದ ಗೋದಾಮು. ಮಾಡಬೇಕಾದ ಕೆಲಸ, ಮಾಡಿ ಮುಗಿಸಿ ಅಚ್ಚಿಗೆ ಕಾದಿರುವ ವರದಿ, ಎಲ್ಲ ಅಲ್ಲೇ ಸಾಲಾಗಿ ಬಿದ್ದಿರುತ್ತವೆ. ತುಂಬಿದರೆ ಹಳೆಯದನ್ನು ಆರಿಸಿ ಎಸೆಯಬೇಕು, ಇಲ್ಲವೇ ಇನ್ನೊಂದು ಡಿಸ್ಕು ಸೇರಿಸಿ ಗೋದಾಮು ಹಿಗ್ಗಿಸಬೇಕು. ಎಲ್ಲ ಅಳಿಸಿ ಹೊಸದಾಗಿ ಎಬ್ಬಿಸುವ ಕೋಲ್ಡ್ ಸ್ಟಾರ್ಟ್ ಮಾತ್ರ ಕೊಡಬಾರದು. ಅದು ಗೋದಾಮಿಗೆ ಬೆಂಕಿಯಿಟ್ಟು ಜಾಗ ಮಾಡಿದ ಹಾಗೆ. ಕೋಲ್ಡ್ ಸ್ಟಾರ್ಟಿನ ಹೆಸರೆತ್ತಿದವರನ್ನು ಆರ್ವಿಲ್ ಇಷ್ಟು ವರ್ಷ ಗುಡುಗಿ ಓಡಿಸಿದ್ದ.

ಆ ಬೆಳಿಗ್ಗೆ ಆರ್ವಿಲ್ ಬರೆದದ್ದು ಇಷ್ಟೇ: "ಹೆದರಬೇಡ. ಕೋಲ್ಡ್ ಸ್ಟಾರ್ಟ್ ಕೊಡು. ಒಳಗಿರುವುದೆಲ್ಲ ಹಾಗೇ ಉಳಿಯುತ್ತದೆ."

ಬರ್ನಡೀನ್ ಅದನ್ನು ನೋಡಿದಳು. ನೋಡಿದ ಕೂಡಲೇ "ಬೇಡ" ಎಂಬ ಎರಡಕ್ಷರ ಬರೆದು ಕಳಿಸಬಹುದಿತ್ತು. ಆದರೆ ಈ ಸಲದ ತಪ್ಪು ಹಳೆಯ ಆವೃತ್ತಿಯದಲ್ಲ, ಬೇರೆ ಸಂದರ್ಭದ್ದೂ ಅಲ್ಲ; ಅದಕ್ಕೆ ಯಾವ ಹೊದಿಕೆ ಹೊದಿಸುವುದು? 'ಆರ್ವಿಲ್ ತಮಾಷೆ ಮಾಡುತ್ತಿದ್ದಾರೆ' ಎಂದು ಬರೆದು ಅಳಿಸಿದಳು. 'ಕೊಡಬೇಡ ಎನ್ನಲು ಹೋಗಿ ಬೆರಳು ತಪ್ಪಿದೆ' ಎಂದು ಬರೆದಳು. ಅದು ಪರವಾಗಿಲ್ಲ ಅನ್ನಿಸಿತು. ಒಂದೆರಡು ಪದ ಅತ್ತಿತ್ತ ಮಾಡಿ ಕಳಿಸುವಷ್ಟರಲ್ಲಿ ಮೇಜಿನ ಮೇಲಿದ್ದ ಕಾಫಿ ತಣ್ಣಗಾಗಿತ್ತು.

ಆ ಹೊತ್ತಿಗೆ ಆರ್ಕನ್ಸಾದಲ್ಲಿ ಯಂತ್ರ ಡ್ವೇನ್‌ನನ್ನು 'ನಿಜವಾಗಿಯೂ ಮಾಡಲೇ?' ಎಂದು ಕೇಳಿ, ಅವನು ಹೌದೆಂದು, ಎಲ್ಲ ಮುಗಿದಿತ್ತು. ರಕ್ತ ಪರೀಕ್ಷೆಯ ವರದಿಗಳು, ಔಷಧದ ಚೀಟಿಗಳು, ಅಚ್ಚಿಗೆ ಕಾದಿದ್ದುದೆಲ್ಲ ಹೋಯಿತು. ರೋಗಿಗಳ ತೋಳಿಗೆ ಮತ್ತೆ ಸೂಜಿ ಚುಚ್ಚಿದರು. ಶಸ್ತ್ರಚಿಕಿತ್ಸೆಗೆ ಹೊಟ್ಟೆ ಖಾಲಿಯಿಟ್ಟು ಮಲಗಿದ್ದವರನ್ನು ಎಬ್ಬಿಸಿ ವಾಪಸು ಕಳಿಸಿದರು. ಮೂತ್ರಪಿಂಡದ ಕಾಯಿಲೆಯ ಒಬ್ಬ ಹೆಂಗಸು ಮಧ್ಯಾಹ್ನ ತೀರಿಕೊಂಡಳು. ವರದಿ ಬೆಳಿಗ್ಗೆಯೇ ಕೈಗೆ ಸಿಕ್ಕಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ಎಂದು ಯಾವ ಡಾಕ್ಟರೂ ಬಾಯಿಬಿಟ್ಟು ಹೇಳಲಿಲ್ಲ. ಮರುದಿನ ಕಾವಲುಗಾರನೊಬ್ಬ ಡ್ವೇನ್‌ನನ್ನು ಅವನ ಟ್ರಕ್ಕಿನ ತನಕ ನಡೆಸಿಕೊಂಡು ಹೋಗಿ ಬಿಟ್ಟುಬಂದ.

ಡ್ವೇನ್ ಬಳಗಕ್ಕೆ ಬರೆದ: "ಆರ್ವಿಲ್ ಹೇಳಿದರು, ನಾನು ಮಾಡಿದೆ. ಅಷ್ಟೇ."

ಬಳಗ ಅವನ ಮೇಲೇ ಬಿತ್ತು. ಗ್ರೇಡಿ ಎಲ್ಲರಿಗಿಂತ ಮುಂದೆ. "ಪೋಪ್ ಬಾವಿಗೆ ಹಾರು ಅಂದ್ರೆ ಹಾರ್ತೀಯೇನೋ? 'ಬೇಡ' ಅನ್ನೋದೊಂದು ಬಿಟ್ಟುಹೋಗಿದೆ ಅಂತ ಬರ್ನಡೀನ್ ಹೇಳಿದಾಳಲ್ಲ! ಕೋಲ್ಡ್ ಸ್ಟಾರ್ಟ್ ಅಂದ್ರೇನು ಅಂತ ಗೊತ್ತಿಲ್ಲದವನು ಆ ಕುರ್ಚಿ ಮೇಲೆ ಯಾಕ್ ಕೂತೆ?" ಉಳಿದವರೂ ಅದನ್ನೇ ಸಭ್ಯ ಮಾತಲ್ಲಿ ಹೇಳಿದರು. ಕೊನೆಗೆ ಆರ್ವಿಲ್‌ನೇ ಬರೆದ: "ನಾನು ಅಂಥ ಮಾತು ಹೇಳಿಯೇ ಇಲ್ಲ." ಅವನು ಸುಳ್ಳು ಹೇಳುತ್ತಿಲ್ಲ, ಮರೆತಿದ್ದಾನೆ ಎಂದು ಬಳಗದಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ.

ಅವಳು ಡ್ವೇನ್‌ನ ನಂಬರು ಹುಡುಕಿ ಫೋನು ಮಾಡಿದಳು. ಹಿಂದೆ ಟಿ.ವಿ. ಸದ್ದು, ನಾಯಿ ಬೊಗಳುವ ಸದ್ದು ಇತ್ತು. ಹೆಸರು ಹೇಳಿದಳು.

"ಗೊತ್ತು ಮೇಡಂ. ನಿಮ್ಮ ಹೆಸ್ರು ದಿನಾ ನೋಡ್ತಿದ್ದೆ."

"ಡ್ವೇನ್, ಅದು ಬೆರಳು ತಪ್ಪಿದ್ದಲ್ಲ. ಆರ್ವಿಲ್‌ಗೆ ಮರೆವು ಶುರುವಾಗಿದೆ. ನನಗೆ ಗೊತ್ತಿತ್ತು."

ಟಿ.ವಿ. ಸದ್ದು ನಿಂತಿತು. "ಯಾವಾಗ್ಲಿಂದ?"

"ಬೇಸಿಗೆಯಿಂದ."

 ಬಯ್ಯಲಿ ಎಂದು ಅವಳು ಕಾದಳು. ಅವನು ಬಯ್ಯಲಿಲ್ಲ.

"ನಾನು ಈ ಕೆಲಸಕ್ಕೆ ಹೊಸಬ ಮೇಡಂ. ಯಾರ ಮಾತು ಕೇಳ್ಬೇಕು ಅಂತ ಹಳೇ ಮೇಲ್‌ಗಳನ್ನ ಓದಿ ಓದಿ ತಿಳ್ಕೊಂಡೆ. ಆರ್ವಿಲ್ ಬರೆದ ಮೇಲೆ ನೀವು ಏನಾದ್ರೂ ಸೇರಿಸ್ತೀರಾ ಅಂತ ನೋಡೋದು. ನೀವು ಸುಮ್ಮನಿದ್ರೆ ಅದು ಸರಿ ಅಂತ ನನ್ನ ಲೆಕ್ಕ. ಅವತ್ತೂ ಕಾದೆ. ಎದ್ದು ಹೋಗಿ ನೀರು ಕುಡಿದು ಬಂದೆ. ನೀವು ಏನೂ ಬರೀಲಿಲ್ಲ. ಆಸ್ಪತ್ರೆಯವರು ತಲೆ ಮೇಲೆ ನಿಂತಿದ್ರು."

"ಬರೀತಾ ಇದ್ದೆ" ಅಂದಳು ಬರ್ನಡೀನ್.

"ಏನು?"

"ಆಗ ನಾನು ಬರೀತಾನೇ ಇದ್ದೆ."

"ಆ ಹೆಂಗಸಿನ ಮಗ ನಮ್ಮ ಚರ್ಚಿಗೇ ಬರೋದು" ಎಂದು ಹೇಳಿ ಡ್ವೇನ್ ಫೋನು ಇಟ್ಟ.

ಎರಡು ದಿನ ಕಳೆಯಿತು. ಶನಿವಾರ ಬೆಳಿಗ್ಗೆ ಕಾರು ತೆಗೆದು ಟೊಪೀಕಾಕ್ಕೆ ಹೊರಟಳು. ಅಯೋವಾ ಉದ್ದಕ್ಕೂ ಕಟಾವು ಮುಗಿದ ಮೆಕ್ಕೆಜೋಳದ ಕೂಳೆ, ಅದರ ಮೇಲೆ ತೆಳ್ಳಗೆ ಹಿಮ. ದಾರಿಯಲ್ಲಿ ಉಳಿದುಕೊಂಡು ಭಾನುವಾರ, ಜನ ಚರ್ಚಿನಿಂದ ಮನೆಗೆ ಬರುವ ಹೊತ್ತಿಗೆ ಟೆಶ್‌ರ ಬಾಗಿಲು ತಟ್ಟಿದಳು. ಅಷ್ಟು ವರ್ಷದಲ್ಲಿ ಅವಳು ಆರ್ವಿಲ್‌ನನ್ನು ಕಂಡದ್ದು ಒಮ್ಮೆ ಮಾತ್ರ, ಯಾವುದೋ ಸಮ್ಮೇಳನದ ಊಟದ ಸಾಲಿನಲ್ಲಿ.

ಬಾಗಿಲು ತೆಗೆದವಳು ಮ್ಯಾಕ್ಸೀನ್. ಹೆಸರು ಕೇಳಿದ್ದೇ ಅವಳ ಮುಖ ಬಾಡಿತು. "ಬನ್ನಿ. ನೂಡಲ್ಸು, ಕೋಳಿ ಮಾಡಿದೀನಿ" ಎಂದು ನೇರ ಅಡುಗೆಮನೆಗೆ ಕರೆದುಕೊಂಡು ಹೋದಳು. ಕುರ್ಚಿ ಎಳೆದು ಕೂರಿಸಿ, ತಾನು ನಿಂತೇ ಮಾತಾಡಿದಳು.

"ಷರಟಿನ ಗುಂಡಿ ತಪ್ಪಾಗಿ ಹಾಕ್ಕೋತಾರೆ. ಅಂಗಡಿಗೆ ಹೋದವರು ದಾರಿ ತಪ್ಪಿ ಎರಡ್ ಸಲ ಪೊಲೀಸ್ ಕರ್ಕೊಂಡ್ ಬಂದ್ರು. ಆದ್ರೆ ಕೆಳಗೆ ಕೂತು ಟೈಪ್ ಮಾಡ್ತಿದ್ರೆ ಅದೇ ಹಳೇ ಆರ್ವಿಲ್. ಅಲ್ಲಾದ್ರೂ ತಲೆ ಸರಿಯಿದೆ ಅಂದ್ಕೊಂಡೆ. ತಪ್ಪಿದ್ರೆ ನಿಮ್ಮವರಲ್ಲಿ ಯಾರಾದ್ರೂ ಹೇಳ್ತಿದ್ರಲ್ವಾ? ನನಗೇನು ಗೊತ್ತಾಗುತ್ತೆ ಆ ಭಾಷೆ? ಯಾರೂ ಏನೂ ಅನ್ನಲಿಲ್ಲ."

"ನಾನೂ ಹಾಗೇ ಅಂದ್ಕೊಂಡೆ" ಅಂದಳು ಬರ್ನಡೀನ್. "ಮನೇಲಿ ತೊಂದರೆ ಇದ್ದಿದ್ರೆ ಮ್ಯಾಕ್ಸೀನ್ ಅವರನ್ನ ಅಲ್ಲಿ ಕೂರೋಕೆ ಬಿಡ್ತಿರಲಿಲ್ಲ ಅಂತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಲೆಯ ಮೇಲೆ ನೂಡಲ್ಸು ಕುದಿದು ಉಕ್ಕಿತು. ಮ್ಯಾಕ್ಸೀನ್ ಒಲೆ ಆರಿಸಿ ಬಟ್ಟೆಯಲ್ಲಿ ಒರೆಸಿದಳು.

"ಈಗ ಎಲ್ರಿಗೂ ಬರೀತೀರಾ?"

"ಬರೀಲೇಬೇಕು. ಎಲ್ರೂ ಆ ಹುಡುಗನ್ನ ಬಯ್ತಿದಾರೆ."

"ಇವರು ಹೋದ ಮೇಲೆ ಬರೀರಿ. ಜಾಸ್ತಿ ದಿನ ಇಲ್ಲ. ಅಷ್ಟು ವರ್ಷ ಅವರು ನಿಮಗೆ ಮಾಡಿದ್ದಕ್ಕೆ ಇಷ್ಟು ಮಾಡೋಕಾಗಲ್ವಾ?"

 ಕೆಳಗಿನಿಂದ ಆರ್ವಿಲ್ ಕೂಗಿದ: "ಯಾರದು ಬಂದಿರೋದು?" ಬರ್ನಡೀನ್ ಮೆಟ್ಟಿಲಿಳಿದು ಹೋದಳು.

ಅವನು ಅವಳ ದನಿ ಹಿಡಿದು ಗುರುತಿಸಿದ. "ಹುಡುಗೀ! ಮಿಲ್ವಾಕಿಯಿಂದ ಬಂದ್ಯಾ? ಜಿಂಕೆ ಬೇಟೆಯವನು ವಾಪಸ್ ಬಂದ್ನಾ?" ಎಂದು ನಕ್ಕ. ಅವಳ ಮೇಲಧಿಕಾರಿ ಸತ್ತು ಎಷ್ಟೋ ವರ್ಷವಾಗಿತ್ತು. ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ರೈಲ್ವೆ ಯಂತ್ರವೊಂದರ ಕತೆ ಹೇಳಿದ, ಒಂದು ಅಕ್ಷರ ತಪ್ಪಲಿಲ್ಲ. "ಎಲ್ಲಿ ಕೆಲಸ ಮಾಡ್ತೀಯ?" ಎಂದು ಕೇಳಿದ, ಹೇಳಿದಳು, ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ.

ಪರದೆಯ ಮೇಲೆ ಬಳಗದ ಮೇಲ್‌ಗಳೇ ತೆರೆದಿದ್ದವು. ಅವನು ಕನ್ನಡಕ ಸರಿಮಾಡಿಕೊಂಡು ಓದತೊಡಗಿದ. ಓದುತ್ತ ಅವನ ಕುತ್ತಿಗೆ ಕೆಂಪಾಯಿತು.

"ಇದನ್ನ ನೋಡು! ಸ್ಪೂಲ್ ತುಂಬಿದೆ ಅಂತ ಕೇಳಿದವನಿಗೆ ಕೋಲ್ಡ್ ಸ್ಟಾರ್ಟ್ ಕೊಡು ಅಂತ ಯಾವನೋ ಹೇಳಿದಾನೆ. ಅದೂ ಆಸ್ಪತ್ರೇಲಿ! ಒಳಗಿರೋದು ಉಳಿಯುತ್ತಂತೆ! ಇಂಥವನ ಕೈ ಕಟ್ಟಿಹಾಕ್ಬೇಕು. ಕೀಬೋರ್ಡಿನ ಹತ್ರ ಬಿಡಬಾರ್ದು."

ಸುಮ್ಮನಿರಬಹುದಿತ್ತು. ಇನ್ನೊಂದು ಸುತ್ತು ಮರೆತು ಅವನು ರೈಲ್ವೆ ಕತೆಗೆ ಹೋಗುತ್ತಿದ್ದ. ಬರ್ನಡೀನ್, "ಅದು ನೀವೇ ಬರೆದದ್ದು, ಆರ್ವಿಲ್" ಅಂದಳು.

ಅವನು ಪರದೆಗೆ ಮುಖ ಹತ್ತಿರ ತಂದು ಹೆಸರು ಓದಿದ. ತೋರುಬೆರಳಿಟ್ಟು ಇನ್ನೊಮ್ಮೆ ಓದಿದ. ತಾನು ಮಾಡಿದ್ದನ್ನು ಅಲ್ಲಗಳೆಯುವ ಮನುಷ್ಯನಲ್ಲ ಅವನು. ಬೇರೆಯವರಿಗೂ ಅದನ್ನೇ ಕಲಿಸಿದವನು. 

"ಯಾರಾದ್ರೂ ಸತ್ರಾ?"

"ಒಬ್ಬಳು. ಇದರಿಂದಲೋ ಅಲ್ಲವೋ, ಗೊತ್ತಿಲ್ಲ."

"ಆ ಹುಡುಗ?"

"ಕೆಲಸ ಹೋಯ್ತು."

"ಹಾಗಾದ್ರೆ ಕಟ್ಟಿಹಾಕು ನನ್ನ. ಎಲ್ರಿಗೂ ಬರಿ. ಆರ್ವಿಲ್ ಟೆಶ್ ಹೇಳಿದ್ದು ಯಾರೂ ಮಾಡ್ಬೇಡಿ ಅಂತ ಬರಿ. ಈಗ್ಲೇ ಬರಿ, ನಾನು ಮರೆತುಬಿಡ್ತೀನಿ." ಅವನು ಎದ್ದು ಕುರ್ಚಿ ಅವಳಿಗೆ ಬಿಟ್ಟುಕೊಟ್ಟ.

ಅವಳು ಅವನ ಕುರ್ಚಿಯಲ್ಲಿ ಕೂತು ತನ್ನ ಹೆಸರಿನಲ್ಲಿ ಬರೆದಳು. ಈ ಸಲ ಯಾವ ಪದವನ್ನೂ ಅಳಿಸಿ ನಯಮಾಡಲಿಲ್ಲ. ಆರ್ವಿಲ್‌ಗೆ ಮರೆವಿನ ಕಾಯಿಲೆ, ಬೇಸಿಗೆಯಿಂದ ತನಗೆ ಗೊತ್ತಿತ್ತು, ತಾನೇ ಮುಚ್ಚಿದ್ದು, ಬೆರಳು ತಪ್ಪಿದ್ದೆಂಬ ಮಾತು ಸುಳ್ಳು, ಡ್ವೇನ್ ಹಾಕೆಟ್ ತನಗೆ ಹೇಳಿದ್ದನ್ನೇ ಮಾಡಿದ್ದಾನೆ. ಕಳಿಸಿ ತಿರುಗಿದಾಗ ಆರ್ವಿಲ್ ಗೋಡೆಯ ಹತ್ತಿರ ನಿಂತಿದ್ದ.

"ಯಾರಿಗ್ ಬರೀತಿದೀಯ, ಹುಡುಗಿ? ಯಂತ್ರ ನಿಂತಿದ್ಯಾ?" ಎಂದು ಪ್ರೀತಿಯಿಂದ ಕೇಳಿದ.

ಮ್ಯಾಕ್ಸೀನ್ ಅಂದೇ ಕಂಪ್ಯೂಟರಿನ ತಂತಿ ಕಿತ್ತು ಅಟ್ಟಕ್ಕೆ ಸೇರಿಸಿದಳು. ಬರ್ನಡೀನಳನ್ನು ಊಟಕ್ಕೆ ಇರು ಎನ್ನಲಿಲ್ಲ. ಆಮೇಲೆ ಎಷ್ಟೋ ದಿನ ಆರ್ವಿಲ್ ಬೆಳಿಗ್ಗೆ ಕಾಫಿ ಹಿಡಿದು ಕೆಳಗಿಳಿದು ಖಾಲಿ ಮೇಜಿನ ಮುಂದೆ ಕೂರುತ್ತಿದ್ದನಂತೆ. ಯಾಕೆ ಹೀಗೆ ಮಾಡಿದಿರಿ ಎಂದು ಯಾರನ್ನೂ ಕೇಳಲಿಲ್ಲವಂತೆ. ಇದನ್ನು ಹೇಳಲೆಂದೇ ಮ್ಯಾಕ್ಸೀನ್ ಒಮ್ಮೆ ಫೋನು ಮಾಡಿದ್ದಳು.

 ಬರ್ನಡೀನಳ ಮೇಲ್ ಹೋದ ಮೂರನೆಯ ದಿನ ಬಳಗದಲ್ಲಿ ಓಹಾಯೋದ ಒಬ್ಬ ಕೇಳಿದ: "ಹಾಗಾದರೆ ಯಾವ ತಾರೀಖಿನ ಹಿಂದಿನ ಆರ್ವಿಲ್‌ನನ್ನು ನಂಬಬಹುದು?" ಕೇಳಿದ್ದು ಕುಹಕಕ್ಕಲ್ಲ. ಅವನ ಉತ್ತರಗಳನ್ನು ನೆಚ್ಚಿಕೊಂಡು ಯಂತ್ರ ನಡೆಸುತ್ತಿದ್ದವರು ದೇಶದ ತುಂಬ ಇದ್ದರು. ಯಾರಾದರೂ ಕೂತು ಎಲ್ಲವನ್ನೂ ಹಿಂದಕ್ಕೆ ಓದಿಕೊಂಡು ಹೋಗಬೇಕಿತ್ತು. ಬರ್ನಡೀನ್ ತಾನು ಮಾಡುತ್ತೇನೆ ಅಂದಳು. ಯಾರೂ ನಿರೀಕ್ಷಿಸದ ಗ್ರೇಡಿ ಫೋನು ಮಾಡಿದ.

"ಅರ್ಧ ನನಗೆ ಕೊಡು. ಆ ಹಾಕೆಟ್‌ಗೆ ಅಷ್ಟು ಬಯ್ದಿದೀನಿ, ಇಷ್ಟಾದ್ರೂ ಮಾಡ್ತೀನಿ. ಅವನಿಗೆ ಕ್ಷಮೆ ಕೇಳಿ ಬರೆದೆ, ಮೇಲ್ ವಾಪಸ್ ಬಂತು. ಬಳಗ ಬಿಟ್ಟೇ ಹೋಗಿದಾನೆ."

ಇಬ್ಬರೂ ಆ ಚಳಿಗಾಲ ಪೂರ್ತಿ ಓದಿದರು. ಸ್ನೇಹಿತನ ಬುದ್ಧಿ ಎಲ್ಲಿ ಮೊದಲು ಬಿರುಕು ಬಿಟ್ಟಿತು ಎಂದು ಬೆರಳಿಟ್ಟು ಹುಡುಕುವ ಕೆಲಸ ಶತ್ರುವಿಗೂ ಬೇಡ. ಮುಂದಿನಿಂದ ಹಿಂದಕ್ಕೆ ಹೋದ ಹಾಗೆ ಅವನು ಗಟ್ಟಿಯಾಗುತ್ತಿದ್ದ, ಚುರುಕಾಗುತ್ತಿದ್ದ, ಜೋಕು ಹೊಡೆಯುತ್ತಿದ್ದ. ಆಮೇಲೆ ಅವಳಿಗೆ ಮತ್ತೆ ಈಚಿನ ಮೇಲ್‌ಗಳಿಗೆ ಬರುವುದು ಇಷ್ಟವಾಗದೆ ಅಲ್ಲೇ ನಿಂತು ಬೇಕಿಲ್ಲದ್ದನ್ನೂ ಓದುತ್ತಿದ್ದಳು. ಮೊದಲ ತಪ್ಪು ಸಿಕ್ಕಿದ್ದು ಅವಳು ತಿಳಿದುಕೊಂಡದ್ದಕ್ಕಿಂತ ತುಂಬ ಹಿಂದೆ. ಅದು ಅವಳೇ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವಾಗಿತ್ತು. ಅವಳು ಹಾಗೇ ಮಾಡಿದ್ದಳು, ಏನೂ ಆಗಿರಲಿಲ್ಲ. ಆಗಿದ್ದರೆ ಆಗಲೇ ಗೊತ್ತಾಗುತ್ತಿತ್ತು.

ತಾರೀಖು ಗೊತ್ತುಮಾಡಿ ಬಳಗಕ್ಕೆ ತಿಳಿಸಿದರು. ಅಷ್ಟಾದ ಮೇಲೆ ಬಳಗ ಮೊದಲಿನ ಹಾಗೆ ಉಳಿಯಲಿಲ್ಲ. ಕೇಳುವವರು ಕೇಳಲು ಅಳುಕಿದರು; ಗೊತ್ತಿದ್ದವರು, ನಾಳೆ ಏನಾದರೂ ಆದರೆ ನನ್ನ ತಲೆಗೆ ಬರುವುದೇಕೆ ಎಂದು ಕೈಕಟ್ಟಿ ಕೂತರು. 'ಯಂತ್ರ ಮಾರಿದ ಕಂಪನಿಯನ್ನೇ ಕೇಳಿ' ಎಂಬ ಉತ್ತರ ಹೆಚ್ಚಾಯಿತು. ಬರ್ನಡೀನಳ ಮೇಲೆ ಕೆಲವರಿಗೆ ಸಿಟ್ಟು ಉಳಿಯಿತು. ಸಿಟ್ಟಾದವರಲ್ಲಿ ಅರ್ಧ ಜನ ಅವಳು ಮುಚ್ಚಿದ್ದಕ್ಕೆ, ಇನ್ನರ್ಧ ಬಿಚ್ಚಿದ್ದಕ್ಕೆ.

ಬರ್ನಡೀನ್ ಟೊಪೀಕಾದಿಂದ ಕಳಿಸಿದ ತನ್ನ ಆ ಮೇಲ್ ಅನ್ನು ಅಚ್ಚು ಹಾಕಿ, ಸಹಿ ಮಾಡಿ, ಆರ್ಕನ್ಸಾದ ಆ ಆಸ್ಪತ್ರೆಗೂ ಡ್ವೇನ್‌ಗೂ ಅಂಚೆಯಲ್ಲಿ ಕಳಿಸಿದಳು. ಆಸ್ಪತ್ರೆಯ ವಕೀಲರಿಂದ ನಾಲ್ಕು ಸಾಲಿನ ಉತ್ತರ ಬಂತು: ಮುಗಿದ ವಿಷಯ, ದಯವಿಟ್ಟು ಇನ್ನು ಬರೆಯಬೇಡಿ. ಡ್ವೇನ್‌ನಿಂದ ಏನೂ ಬರಲಿಲ್ಲ. ಅವನು ಟೈರು ಅಂಗಡಿ ಸೇರಿದ್ದಾನೆಂದು ಗ್ರೇಡಿ ಎಲ್ಲಿಂದಲೋ ಕೇಳಿ ಹೇಳಿದ.

ಆರ್ವಿಲ್ ಮುಂದಿನ ವರ್ಷ, ಹಿಮ ಕರಗುವ ಮೊದಲು ತೀರಿಕೊಂಡ. ಬರ್ನಡೀನ್ ಮತ್ತೆ ಅದೇ ದಾರಿಯಲ್ಲಿ ಕಾರು ಓಡಿಸಿಕೊಂಡು ಹೋದಳು. ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮು, ಆಲೂಗಡ್ಡೆ, ಜೆಲ್ಲಿಯ ಊಟ. ಬಳಗದಿಂದ ಬಂದವರು ಅವಳು ಮತ್ತು ಗ್ರೇಡಿ ಇಬ್ಬರೇ. ಆ ಬಾಯಿಬಡುಕ ಕುಳ್ಳ ಮನುಷ್ಯ. ಕೈಯಲ್ಲಿ ಟೋಪಿ ಹಿಡಿದು ಯಾರ ಜೊತೆಗೂ ಮಾತಾಡದೆ ನಿಂತಿದ್ದ. ಮ್ಯಾಕ್ಸೀನ್ ಬರ್ನಡೀನಳ ಹತ್ತಿರ ಬಂದು ತಟ್ಟೆ ಕೊಟ್ಟಳು.

"ನಿಮ್ಮ ಮೇಲೆ ಕೋಪ ಹೋಗಿಲ್ಲ" ಅಂದಳು.

"ಹೋಗೋದು ಬೇಡ."

"ನನ್ನ ಮೇಲೆ ನನಗಿರೋದೂ ಹೋಗಿಲ್ಲ" ಎಂದು ಮ್ಯಾಕ್ಸೀನ್ ಅವಳ ಪಕ್ಕದ ಮಡಿಸುವ ಕುರ್ಚಿಯಲ್ಲಿ ಕೂತಳು. ಇಬ್ಬರೂ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಬಂದವರೆಲ್ಲ ಒಬ್ಬೊಬ್ಬರಾಗಿ ಕೋಟು ಹಾಕಿಕೊಂಡು ಹೋಗುವ ತನಕ ಹಾಗೇ ಕೂತಿದ್ದರು.